ವರದಿ ಬಿಟ್ಟು ಬೀದಿಗೆ ಬಂದ ನನ್ನ ನಾದಿನಿ

'ಬೀದಿಗೆ ಬಂದಳು' ಎನ್ನುವುದು ನಮ್ಮ ಕಡೆ ಒಳ್ಳೆಯ ಮಾತಲ್ಲ. ಮನೆ ಮಠ ಕಳೆದುಕೊಂಡವರಿಗೆ ಹೇಳುವ ಮಾತದು. ಆದರೂ ಬೇಕೆಂದೇ ಈ ತಲೆಬರಹ ಇಟ್ಟಿದ್ದೇನೆ, ಸೋದರಿಯರೇ. ನನ್ನ ನಾದಿನಿ ಬೆಂಗಳೂರಿನ ದೊಡ್ಡ ಕೆಲಸ ಬಿಟ್ಟು ಬಂದಾಗ ನಮ್ಮ ಬಳಗದವರೆಲ್ಲ ಆಡಿದ್ದು ಇದೇ ಮಾತು. ಈಗ ಅದನ್ನೇ ನಾನು ಸಂತೋಷದಿಂದ ಹೇಳುತ್ತೇನೆ. ಹೌದು, ಅವಳು ಬೀದಿಗೆ ಬಂದಳು. ನಮ್ಮ ಬೀದಿಗೇ ಬಂದಳು!

ಅವಳು ಮಾಡುತ್ತಿದ್ದ ಕೆಲಸಕ್ಕೆ 'ನೀತಿ ಸಂಶೋಧನೆ' ಎಂದು ಹೆಸರು. ಹೈಸ್ಕೂಲು ಮುಗಿಸಿ, ಹತ್ತೊಂಬತ್ತಕ್ಕೆ ಈ ಮನೆಯ ಸೊಸೆಯಾಗಿ ಬಂದವಳು ನಾನು. ರಜಕ್ಕೆ ಬಂದಾಗ ಒಂದು ದಿನ ನನ್ನ ಜೊತೆ ಬೇಳೆ ಆರಿಸುತ್ತ ಕೂತು ಅವಳೇ ನನಗದನ್ನು ಬಿಡಿಸಿ ಹೇಳಿದಳು. "ನೋಡಿ ಅತ್ತಿಗೆ, ಸರ್ಕಾರ ಒಂದು ಯೋಜನೆ ಮಾಡುತ್ತೆ. ಅದು ಜನಕ್ಕೆ ಮುಟ್ತಾ, ಎಷ್ಟು ಜನಕ್ಕೆ ಮುಟ್ತು, ಮುಟ್ಟದಿದ್ರೆ ದಾರೀಲಿ ಎಲ್ಲಿ ನಿಂತುಹೋಯ್ತು ಅಂತ ಲೆಕ್ಕ ಹಾಕಿ, ಮುಂದೆ ಹೀಗೆ ಮಾಡಿ ಅಂತ ಬರೆದುಕೊಡೋದು ನಮ್ಮ ಕೆಲಸ."

ಅವಳ ಪಾಲಿಗೆ ಬಂದಿದ್ದು ತಾಯಿ ಮತ್ತು ಮಕ್ಕಳ ಆಹಾರದ ವಿಷಯ. ನಮ್ಮ ನಿಮ್ಮ ಮಕ್ಕಳು ಆಡಿ ಬೆಳೆದ ಅಂಗನವಾಡಿಗೂ ಒಂದು ಚರಿತ್ರೆಯಿದೆ ಎಂದು ನನಗೆ ತಿಳಿದಿದ್ದೇ ಅವಳಿಂದ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವೆಂದು ಶುರುವಾಯಿತಂತೆ. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಇಂಥ ಸಂಗತಿಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಹದಿನೈದು ವರ್ಷ ಆ ಕೆಲಸ ಮಾಡಿದಳು. ಒಳ್ಳೆಯ ಸಂಬಳ, ದೆಹಲಿಗೆ ಹೋಗಿಬರಲು ವಿಮಾನ, ದಪ್ಪ ದಪ್ಪ ವರದಿಗಳ ಮೇಲೆ ಅವಳ ಹೆಸರು. ಮದುವೆ ಬೇಡವೆಂದಳು, ಅದೂ ಆಯಿತು. ನಮ್ಮತ್ತೆಯವರು ಬಂದವರಿಗೆಲ್ಲ ಆ ವರದಿಗಳನ್ನು ಷೋಕೇಸಿನಿಂದ ತೆಗೆದು ತೋರಿಸುತ್ತಿದ್ದರು. ಇಂಗ್ಲಿಷ್ ಬಾರದ ಅತ್ತೆ, ಇಂಗ್ಲಿಷ್ ಬಾರದ ನೆಂಟರು. ಪುಟ ತಿರುವಿ ಹೆಸರು ನೋಡಿ ಮತ್ತೆ ಒಳಗಿಡುವುದು!

2018ರ ಬೇಸಿಗೆಯಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನನ್ನೊಬ್ಬಳ ಕೈಲಿ ಎತ್ತಿ ಇಳಿಸುವುದು ಆಗದೆಂದು ನಾದಿನಿ ಮೂರು ತಿಂಗಳ ರಜ ಹಾಕಿ ಬಂದಳು. ನಮ್ಮದು ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರ. ನಮ್ಮ ಬೀದಿ ಮೇಲಿನ ತುದಿಯಲ್ಲಿ ಮೇಷ್ಟ್ರುಗಳು, ಅಂಗಡಿಯವರು ಇರುವ ಮನೆಗಳಿಂದ ಶುರುವಾಗಿ, ಕೆಳಗಿನ ತುದಿಯಲ್ಲಿ ಕಾಯಿ ಸುಲಿಯುವವರು, ನಾರು ಹೊಸೆಯುವವರು ಇರುವ ಹೆಂಚಿನ ಮನೆಗಳಲ್ಲಿ ಮುಗಿಯುತ್ತದೆ. ಒಟ್ಟು ನೂರಾ ನಲವತ್ತು ಮನೆ ಇರಬಹುದು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ, 2017ರಲ್ಲಿ, ಸರ್ಕಾರ 'ಮಾತೃಪೂರ್ಣ' ಎಂಬ ಯೋಜನೆ ತಂದಿತ್ತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ. ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು, ಮನೆಗೆ ಕೊಂಡುಹೋಗುವ ಹಾಗಿಲ್ಲ. ಮನೆಗೆ ಕೊಟ್ಟರೆ ಅದು ಬಸುರಿಯ ಹೊಟ್ಟೆಗೆ ಸೇರದೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬುದು ಅದರ ಹಿಂದಿದ್ದ ಯೋಚನೆ. ಯೋಚನೆ ಸರಿಯಾದುದೇ, ಹೆಂಗಸಾದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಕೂತಿದ್ದವಳು ಕೇಳಿದಳು. "ಅತ್ತಿಗೆ, ಆ ಕೆಳಗಿನ ಮನೆ ಹುಡುಗಿ ಬಸುರಿ ಅಲ್ವಾ? ಒಂದು ದಿನಾನೂ ಅಂಗನವಾಡಿ ಊಟಕ್ಕೆ ಹೋಗಿದ್ದು ನಾ ಕಾಣಲಿಲ್ಲ."

"ಹೋಗೋದು ಹ್ಯಾಗೆ ಹೇಳು? ಅವಳ ಅತ್ತೆ ಒಂದು ಗಂಟೆಗೆ ಕೆಲಸದಿಂದ ಬಂದು ಉಣ್ಣೋದು. ಅತ್ತೆಗೆ ಬಡಿಸೋ ಹೊತ್ತಲ್ಲಿ ಸೊಸೆ ಹೊರಗೆ ಹೋಗಿ ಉಂಡು ಬಂದರೆ ಆ ಮನೇಲಿ ಬಾಳೋಕಾಗುತ್ತಾ? ಸಾಲದ್ದಕ್ಕೆ ಆ ಚರಂಡಿ ದಾಟಬೇಕು. ಮೇಲೆ ಹಾಕಿರೋ ಹಲಗೆ ಅಲ್ಲಾಡುತ್ತೆ. ಏಳು ತಿಂಗಳಾಗಿರೋಳು ಅದರ ಮೇಲೆ ಕಾಲಿಡ್ತಾಳಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದು ನಿಮಗೆ ಗೊತ್ತಿತ್ತಾ?" ಎಂದಳು.

"ನನಗೇನು, ಇಡೀ ಬೀದಿಗೇ ಗೊತ್ತು."

"ನಮಗೆ ಗೊತ್ತಿರಲಿಲ್ಲ ಅತ್ತಿಗೆ. ನಮ್ಮಲ್ಲಿ ಇದಕ್ಕೆ 'ಹಾಜರಾತಿ ಕಡಿಮೆ' ಅಂತ ಒಂದು ಕಲಂ ಇರುತ್ತೆ, ಅಷ್ಟೆ."

ಇಷ್ಟು ಮಾತಿನಲ್ಲಿ ಎಲ್ಲವೂ ಇದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಬರೆಯುವವರಿಗೆ ತಿಳಿದಿರಲಿಲ್ಲ, ತಿಳಿದವರು ಬರೆದಿರಲಿಲ್ಲ. ಇಬ್ಬರ ನಡುವೆ ಆ ಹುಡುಗಿ ಮನೆಯಲ್ಲಿ ಮುದ್ದೆ, ಉಪ್ಪೆಸರು ಉಂಡುಕೊಂಡು ಕೂತಿದ್ದಳು. ಇಲ್ಲಿಂದ ಒಂದು ಫರ್ಲಾಂಗು ದೂರದಲ್ಲಿ ಅವಳ ಪಾಲಿನ ಮೊಟ್ಟೆ, ಹಾಲು!

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಚರಂಡಿಗೆ ಚಪ್ಪಡಿ ಹಾಕಿಸಿರೆಂದು ಅರ್ಜಿ ಕೊಟ್ಟಳು. ಅರ್ಜಿ ಅದರ ಪಾಡಿಗೆ ಅದು ನಡೆಯಲಿ ಎಂದು, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯಲು ಇಟ್ಟಿದ್ದ ಎರಡು ಕಲ್ಲನ್ನು ನಮ್ಮವರೂ ಪಕ್ಕದ ಮನೆ ಹುಡುಗರೂ ಹೊತ್ತು ಹಾಕಿದರು. ಅತ್ತೆಯನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಉಪದೇಶ ಮಾಡಲಿಲ್ಲ. "ಅಂಗನವಾಡಿ ಸಾರು ಹೇಗಿದೆ ಅಂತ ಒಂದಿನ ನೀವೇ ಬಂದು ನೋಡಿ ಹೇಳ್ರಮ್ಮ" ಎಂದೆ. ಆಯಮ್ಮ ಬಂದಳು, ಮೂಸಿ ನೋಡಿದಳು, ಒಗ್ಗರಣೆಗೆ ಬೆಳ್ಳುಳ್ಳಿ ಸಾಲದು ಎಂದು ತೀರ್ಪು ಕೊಟ್ಟಳು. ತಪ್ಪು ಕಂಡುಹಿಡಿದ ಮೇಲೆ ತಿದ್ದುವ ಅಧಿಕಾರವೂ ತನ್ನದೇ ಅಲ್ಲವೇ? ಮರುದಿನದಿಂದ ಸೊಸೆಯನ್ನು ಕೈಹಿಡಿದು ಕರೆತರುವವಳು ಅವಳೇ ಆದಳು. ಅವಳನ್ನು ನೋಡಿ ಇನ್ನೂ ಮೂರು ಮನೆಯವರು ಬಂದರು. ಈ ಊಟದ ಕ್ರಮ ಕೊರೋನಾ ಕಾಲದಲ್ಲಿ ಬದಲಾಗಿ ಮನೆಗೇ ದಿನಸಿ ಕೊಡುವಂತಾಯಿತು, ಆ ಮಾತು ಬೇರೆ. ಆ ಹುಡುಗಿಗೆ ಎರಡೂ ಮುಕ್ಕಾಲು ಕಿಲೋ ತೂಗುವ ಗಂಡು ಮಗು ಆಯಿತು. ಇವತ್ತು ಆ ಪೋರ ನಮ್ಮ ಗೇಟಿನ ಮೇಲೆ ಹತ್ತಿ ಜೋತಾಡುತ್ತಾನೆ.

ರಜ ಮುಗಿಯುವ ವಾರ ನಾದಿನಿ ಬೆಂಗಳೂರಿಗೆ ಹೋಗಿ, ಎರಡು ಸೂಟ್‌ಕೇಸು, ನಾಲ್ಕು ಪೆಟ್ಟಿಗೆ ಪುಸ್ತಕ ತುಂಬಿಕೊಂಡು ಹಿಂದಿರುಗಿದಳು. ರಾಜೀನಾಮೆ ಕೊಟ್ಟಿದ್ದಳು.

ಮನೆಯಲ್ಲಿ ಆದ ರಾದ್ಧಾಂತ ಏನು ಹೇಳಲಿ! ಅತ್ತೆಯವರು ಮಲಗಿದ್ದಲ್ಲಿಂದಲೇ, "ಇಷ್ಟು ಓದಿಸಿದ್ದು ಬೀದಿ ಸುತ್ತೋಕಾ?" ಎಂದು ಅತ್ತರು. ನಮ್ಮವರು ಎರಡು ದಿನ ತಂಗಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಸುಮ್ಮನೆ ಮಾಡಿಲ್ಲ" ಎಂದುಬಿಟ್ಟರು. ಅವರ ಕೋಪಕ್ಕೂ ಕಾರಣವಿತ್ತು. ನಮ್ಮ ಮಗಳ ಓದಿನ ಖರ್ಚಿನಲ್ಲಿ ಅರ್ಧವನ್ನು ಅದುವರೆಗೆ ನಾದಿನಿಯೇ ಹೊರುತ್ತಿದ್ದಳು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿಸುವುದೆಂದು ಮಾತಾಗಿತ್ತು. ಆ ಮಾತು ಅಲ್ಲಿಗೆ ನಿಂತಿತು. ಮಗಳು ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ. ಸೇರಿದಳು. ನನಗೆ ನೋವಾಗಲಿಲ್ಲವೆಂದು ಬರೆದರೆ ಸುಳ್ಳು ಬರೆದಂತಾಗುತ್ತದೆ. ಸಮಾಜಸೇವೆ ಮಾಡುವವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆ ಸೇವೆಯ ಖರ್ಚಿನಲ್ಲಿ ಒಂದು ಪಾಲು ಅವರ ಮನೆಯವರು ಕೊಡುತ್ತಾರೆ ಎಂಬುದು ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ನಾದಿನಿ ಮಾತ್ರ ಯಾರ ಮೇಲೂ ಭಾರ ಹಾಕಲಿಲ್ಲ. ವಾರಕ್ಕೆ ಮೂರು ದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳಿ, ಮಹಡಿಯ ಕೋಣೆಯಲ್ಲಿದ್ದು, ತನ್ನ ಪಾಲಿನ ಮನೆಖರ್ಚನ್ನು ತಿಂಗಳ ಮೊದಲ ದಿನವೇ ನನ್ನ ಕೈಗಿಡುತ್ತಾಳೆ. ಅದು ಅವಳ ಹಳೆಯ ಸಂಬಳದ ಮುಂದೆ ಏನೂ ಅಲ್ಲ, ಆದರೆ ಒಂದು ತಿಂಗಳೂ ತಪ್ಪಿಲ್ಲ.

ಇಂಥ ದಾರಿ ಹಿಡಿದವಳು ತಾನೊಬ್ಬಳೇ ಅಲ್ಲ ಎಂದು ಅವಳು ಅತ್ತೆಯವರಿಗೆ ಸಮಾಧಾನ ಹೇಳುತ್ತಿದ್ದಳು. ಅರುಣಾ ರಾಯ್ ಅವರ ಹೆಸರು ನೀವೂ ಕೇಳಿರುತ್ತೀರಿ. 1968ರಲ್ಲಿ ಐ.ಎ.ಎಸ್. ಸೇರಿದವರು, ಏಳೆಂಟು ವರ್ಷದೊಳಗೆ ಅದನ್ನು ಬಿಟ್ಟು ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಗೆ ಹೋದರು. ಆಮೇಲೆ 1990ರಲ್ಲಿ ಕೂಲಿಕಾರರ ಜೊತೆ ಸೇರಿ ಸಂಘಟನೆ ಕಟ್ಟಿದರು. ಸರ್ಕಾರಿ ಕಾಮಗಾರಿಯ ಹಾಜರಿ ಪುಸ್ತಕವನ್ನು ಊರ ನಡುವೆ, ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದರಂತೆ. ಯಾರ ಹೆಸರಲ್ಲಿ ಯಾರು ಹಣ ತೆಗೆದಿದ್ದಾರೆಂದು ಹಳ್ಳಿಯವರೇ ಎದ್ದು ಹೇಳುವುದು. 2005ರ ಮಾಹಿತಿ ಹಕ್ಕಿನ ಕಾಯಿದೆಗೆ ಅಂಥ ಸಭೆಗಳೂ ದಾರಿ ಮಾಡಿದವು.

ಇನ್ನೊಬ್ಬಾಕೆ ಅಮೆರಿಕದವಳು, ಮೇರಿ ಪಾರ್ಕರ್ ಫಾಲೆಟ್. 1868ರಲ್ಲಿ ಹುಟ್ಟಿದವಳು. ಅಲ್ಲಿಯ ಪಾರ್ಲಿಮೆಂಟಿನ ಸಭಾಧ್ಯಕ್ಷರ ಅಧಿಕಾರ ಎಂಥದು ಎಂದು ಶೋಧಿಸಿ, 1896ರಲ್ಲೇ ಪುಸ್ತಕ ಬರೆದು ದೊಡ್ಡವರಿಂದ ಹೊಗಳಿಸಿಕೊಂಡಳು. ಆ ಓದಿಗೆ ಕಾಲೇಜಿನ ಕುರ್ಚಿ ಹುಡುಕುವುದು ಬಿಟ್ಟು, ಬಾಸ್ಟನ್ನಿನ ರಾಕ್ಸ್‌ಬರಿ ಎಂಬ ಬಡವರ ಬಡಾವಣೆಗೆ ಹೋದಳು. ಸಂಜೆ ಆದೊಡನೆ ಶಾಲೆಗಳಿಗೆ ಬೀಗ ಬೀಳುವುದನ್ನೂ, ದುಡಿದು ಬಂದ ಹುಡುಗ ಹುಡುಗಿಯರಿಗೆ ಕೂಡಲು ಒಂದು ಜಾಗವಿಲ್ಲದ್ದನ್ನೂ ನೋಡಿ, ಆ ಕಟ್ಟಡಗಳನ್ನೇ ಸಂಜೆ ಹೊತ್ತು ತೆರೆಸಿದರಾಗದೇ ಎಂದು ಹೊರಟಳು. ಹಲವು ಹೆಂಗಸರನ್ನು ಜೊತೆಗೂಡಿಸಿಕೊಂಡು ದುಡಿದು, 1911ರಲ್ಲಿ ಈಸ್ಟ್ ಬಾಸ್ಟನ್ನಿನ ಹೈಸ್ಕೂಲಿನಲ್ಲಿ ಅಂಥದೊಂದು ಕೇಂದ್ರ ತೆರೆಯಿತು. ಆಮೇಲೆ 1918ರಲ್ಲಿ ಅವಳು ಮತ್ತೆ ಪುಸ್ತಕ ಬರೆದಳು. ಆಗ ಅದರ ವಸ್ತು ಸಭಾಧ್ಯಕ್ಷರಲ್ಲ. ನೆರೆಹೊರೆಯವರು ಕೂಡಿ ಕಲೆತು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವುದು ಹೇಗೆ ಎಂಬುದು. "ನೋಡಮ್ಮಾ, ನೂರು ವರ್ಷದ ಹಿಂದೇನೇ ಒಬ್ಬಳು ವರದಿ ಬಿಟ್ಟು ಬೀದಿಗೆ ಬಂದಿದ್ಲು" ಎಂದು ನಾದಿನಿ ಅಂದರೆ, ಅತ್ತೆ, "ಅವಳ ಅಮ್ಮ ಎಷ್ಟು ಅತ್ತಳೋ ಅದನ್ನ ಯಾರು ಬರೆದಿದಾರೆ?" ಎನ್ನುವರು! ಅತ್ತೆಯವರ ಈ ಪ್ರಶ್ನೆಗೆ ನಾದಿನಿಯ ಹತ್ತಿರ ಉತ್ತರವಿರಲಿಲ್ಲ.

ಆ ಕಥೆಯಿಂದ ನಮಗೂ ಒಂದು ಲಾಭವಾಯಿತು. ಸರ್ಕಾರಿ ಶಾಲೆಯ ಹೆಡ್‌ಮಿಸ್ಟ್ರೆಸ್ಸನ್ನು ಕೇಳಿಕೊಂಡು, ಶನಿವಾರ ಸಂಜೆ ಶಾಲೆಯ ಜಗಲಿಯಲ್ಲಿ ಕೂಡಲು ಒಪ್ಪಿಗೆ ಪಡೆದೆವು. ಯಾರ ಮನೆಯಲ್ಲಾದರೂ ಸೇರಿದರೆ ಇಂಥವರ ಮನೆಗೆ ಇಂಥವರು ಬರುವುದಿಲ್ಲ ಎಂಬ ತಕರಾರು ನಿಮ್ಮ ಊರಲ್ಲೂ ಇರುತ್ತದೆ. ಶಾಲೆ ಎಲ್ಲರದು. ಮೇಲಿನ ತುದಿಯವರೂ ಕೆಳಗಿನ ತುದಿಯವರೂ ಒಂದೇ ಜಮಖಾನೆಯ ಮೇಲೆ ಕೂರುವುದು ಅಲ್ಲಿ ಮೊದಲಾಯಿತು.

ನಾದಿನಿ ಮೊದಲು ಮಾಡಿದ ಕೆಲಸ ಒಂದು ನೋಟ್‌ಬುಕ್ಕು. ಇನ್ನೂರು ಪುಟದ್ದು, ಕೆಂಪು ರಟ್ಟು. ಮನೆಗೊಂದು ಪುಟ. ಆ ಮನೆಯಲ್ಲಿ ಯಾರು ಯಾರಿದ್ದಾರೆ, ಬಸುರಿ ಬಾಣಂತಿ ಇದ್ದಾರೆಯೇ, ದಿನಾ ಮಾತ್ರೆ ನುಂಗುವವರು ಯಾರು, ರೇಷನ್ ಕಾರ್ಡು ಎಂಥದು, ಯಾರಿಗೆ ಪಿಂಚಣಿ, ಓದುವ ಹೆಣ್ಣುಮಕ್ಕಳು ಎಷ್ಟನೇ ತರಗತಿ. ಅವಳಿಗೆ ಕಲಂ ಹಾಕುವುದು ಗೊತ್ತು, ತುಂಬಿಸುವುದಕ್ಕೆ ನಾವು. ಇಪ್ಪತ್ತೆಂಟು ವರ್ಷ ಒಂದೇ ಬೀದಿಯಲ್ಲಿ ಹೂವು, ಹಾಲು, ಅರಿಶಿನ ಕುಂಕುಮ ಕೊಟ್ಟು ತೆಗೆದುಕೊಂಡು ಬಾಳಿದ ನಮ್ಮಂಥವರಿಗೆ ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತುತ್ತದೆ ಎಂಬುದೂ ಗೊತ್ತಿರುತ್ತದೆ. ಅದನ್ನು ನಾವು 'ಬೀದಿ ಸುದ್ದಿ' ಎನ್ನುತ್ತೇವೆ, ಅವಳು 'ಮಾಹಿತಿ' ಎಂದಳು!

ಆದರೆ ಮೊದಲ ಶನಿವಾರವೇ ಅವಳು ಒಂದು ಕಟ್ಟು ಮಾಡಿದಳು. ಸಹಾಯಕ್ಕೆ ಬೇಕಾದದ್ದು ಮಾತ್ರ ಪುಸ್ತಕಕ್ಕೆ. ಗಂಡ ಕುಡಿಯುತ್ತಾನೆ, ಸೊಸೆ ತವರಿಗೆ ಹೋಗಿದ್ದಾಳೆ, ಯಾರದೋ ಮಗಳು ಯಾರ ಜೊತೆಗೋ ಮಾತಾಡಿದಳು, ಇವು ಯಾವುವೂ ಬರೆಯತಕ್ಕದ್ದಲ್ಲ. ನೋಟ್‌ಬುಕ್ಕು ಅತ್ತೆಯವರ ಬೀರುವಿನಲ್ಲಿ ಬೀಗದೊಳಗೆ. ಬೀಗದ ಕೈ ಅತ್ತೆಯವರ ಸೊಂಟದಲ್ಲಿ. ಅತ್ತೆಯವರ ಅಳು ನಿಂತಿದ್ದು ಆ ಬೀಗದ ಕೈ ಅವರ ಸೊಂಟ ಸೇರಿದ ಮೇಲೆಯೇ ಎಂದು ನನ್ನ ಅನುಮಾನ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಆಗ ಆ ನೋಟ್‌ಬುಕ್ಕಿನ ಬೆಲೆ ತಿಳಿಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಬೇಕಾದವರು ಹತ್ತೊಂಬತ್ತು ಜನ, ದಿನ ತುಂಬಿದ ಬಸುರಿಯರು ಇಬ್ಬರು, ಕಾರ್ಡಿಲ್ಲದೆ ಬಾಡಿಗೆಗಿದ್ದ ಗಾರೆ ಕೆಲಸದ ಕುಟುಂಬ ನಾಲ್ಕು. ಹುಡುಕಬೇಕಾಗಿರಲಿಲ್ಲ, ಪುಟ ತೆಗೆದರೆ ಹೆಸರಿತ್ತು. ಮಾತ್ರೆಯ ಚೀಟಿಗಳನ್ನು ಒಟ್ಟು ಮಾಡಿ ಒಬ್ಬನೇ ಹುಡುಗ ಹೋಗಿ ತಂದ. ಆ ನಾಲ್ಕು ಮನೆಗೆ ಮೇಲಿನ ತುದಿಯ ಹತ್ತು ಮನೆಯವರು ಸರದಿಯ ಮೇಲೆ ಅಕ್ಕಿ ಬೇಳೆ ಕೊಟ್ಟೆವು. ಯಾರೂ ಭಾಷಣ ಮಾಡಲಿಲ್ಲ, ಫೋಟೋ ತೆಗೆಸಿಕೊಳ್ಳಲಿಲ್ಲ. ಹೊರಗೆ ಬರುವುದೇ ಕಷ್ಟವಾಗಿತ್ತು, ಫೋಟೋ ಎಲ್ಲಿಂದ ಬಂತು!

ಇನ್ನು ಹೂವಿನಜ್ಜಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಬೀದಿಯಲ್ಲೂ ಇಂಥ ಅಜ್ಜಿ ಇರಬಹುದು. ನಮಗೆಲ್ಲ ಮಲ್ಲಿಗೆ ಕಟ್ಟಿಕೊಡುವ ಎಪ್ಪತ್ತು ದಾಟಿದ ಮುದುಕಿ, ಒಂಟಿ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು. 2021ರಿಂದ ಅದು ತಿಂಗಳಿಗೆ 1,200 ರೂಪಾಯಿ ಆಗಿತ್ತು. 2022ರಲ್ಲಿ ಒಂದು ದಿನ ಅಜ್ಜಿ ಹೂವಿನ ಬುಟ್ಟಿ ಇಳಿಸುವಾಗ ತಲೆಸುತ್ತಿ ಕೂತುಬಿಟ್ಟರು. ನಿಂಬೆ ಪಾನಕ ಕೊಟ್ಟು ವಿಚಾರಿಸಿದರೆ, ಹಿಂದಿನ ವರ್ಷದಿಂದ ಪಿಂಚಣಿ ಬಂದಿಲ್ಲ, ಬಿ.ಪಿ. ಮಾತ್ರೆ ದಿನ ಬಿಟ್ಟು ದಿನ, ರಾತ್ರಿ ಊಟ ಬಿಟ್ಟು ಆರು ತಿಂಗಳಾಯಿತು. "ಯಾಕೆ ಹೇಳಲಿಲ್ಲ?" ಎಂದರೆ, "ಸರ್ಕಾರ ನಿಲ್ಲಿಸ್ತು ಕಣವ್ವ, ನಿಮಗ್ಯಾಕೆ ಹೇಳಲಿ" ಅಂದರು.

ಕಚೇರಿಯಲ್ಲಿ ಕೇಳಿದರೆ, "ಹಣ ಹೋಗುತ್ತಿದೆ, ಬ್ಯಾಂಕಿನಲ್ಲಿ ಕೇಳಿ" ಎಂದರು. ಬ್ಯಾಂಕಿನಲ್ಲಿ, "ಬಂದಿಲ್ಲ, ಕಚೇರಿಯಲ್ಲಿ ಕೇಳಿ." ಈ ಚೆಂಡಾಟದಲ್ಲಿ ಅಜ್ಜಿ ಮೊದಲೇ ನಾಲ್ಕು ಸಲ ಓಡಾಡಿ ಬಿಟ್ಟಿದ್ದರು. ನಾದಿನಿ ವಾದಕ್ಕೆ ನಿಲ್ಲಲಿಲ್ಲ. ಅಜ್ಜಿಯ ಮನೆಗೆ ಹೋಗಿ ನೆಲದ ಮೇಲೆ ಕೂತು, ತಗಡಿನ ಟ್ರಂಕನ್ನು ತಳದವರೆಗೆ ಬಿಚ್ಚಿಸಿದಳು. ಹಳೆಯ ಸೀರೆಯ ಮಡಿಕೆಯಲ್ಲಿ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ಕು ಸಿಕ್ಕಿತು. ಯಾವುದೋ ಸಂಘದ ಸಾಲ ಕೊಡಿಸುತ್ತೇವೆಂದು ಯಾರೋ ಬಂದು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ಖಾತೆ ತೆರೆಸಿದ್ದರು. ಸಾಲ ಬರಲಿಲ್ಲ, ಅಜ್ಜಿ ಮರೆತಿದ್ದರು. ಆದರೆ ಆಧಾರ್ ಮೂಲಕ ಬರುವ ಹಣದ ಕ್ರಮ ಹೀಗಂತೆ. ಆಧಾರ್ ಸಂಖ್ಯೆಯನ್ನು ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಿಸಿದೆಯೋ, ಹಣ ಅಲ್ಲಿಗೇ ಹೋಗುತ್ತದೆ. ಹಳೆಯ ಖಾತೆ ಬರಿದು, ಹೊಸ ಖಾತೆಯಲ್ಲಿ ಹದಿನಾಲ್ಕು ತಿಂಗಳ ಹಣ, 16,800 ರೂಪಾಯಿ! ಅಜ್ಜಿ ರಾತ್ರಿ ನೀರು ಕುಡಿದು ಮಲಗುತ್ತಿದ್ದ ಚಾಪೆಯಿಂದ ಒಂದು ಮೊಳ ದೂರದ ಟ್ರಂಕಿನಲ್ಲಿ ಅದರ ಪಾಸ್‌ಬುಕ್ಕು.

ಆ ರಾತ್ರಿ ನಾದಿನಿ ಅಡಿಗೆ ಮನೆಯಲ್ಲಿ ನನ್ನೆದುರು ಕೂತು ಹೇಳಿದ ಮಾತು ಇದು. "ಅತ್ತಿಗೆ, ಒಂದೊಂದ್ಸಲ ನನಗೂ ಅನ್ನಿಸುತ್ತೆ. ಅಲ್ಲಿ ನಾ ಬರೆದ ಒಂದು ಸಾಲು ಸರ್ಕಾರ ಒಪ್ಪಿಕೊಂಡ್ರೆ ಲಕ್ಷ ಜನಕ್ಕೆ ಅನುಕೂಲ. ಇಲ್ಲಿ ಇಡೀ ದಿನ ಕೂತು ಒಂದು ಟ್ರಂಕು ಹುಡುಕಿದೆ. ಯಾವುದು ಹೆಚ್ಚು?"

ನಾನೇನು ಹೇಳಲಿ? ನನಗೆ ತೋಚಿದ್ದನ್ನು ಹೇಳಿದೆ. "ಹತ್ತು ಜನಕ್ಕೆ ಅಡಿಗೆ ಮಾಡೋದು ಒಂದು ಕೆಲಸ, ಎಲೆ ಮುಂದೆ ಕೂತವರಿಗೆ ಬಡಿಸೋದು ಇನ್ನೊಂದು ಕೆಲಸ. ಮಾಡಿದವರು ಬಡಿಸೋ ಹೊತ್ತಿಗೆ ಒಂದು ಸಲ ಪಂಕ್ತಿ ಕಡೆ ಬಂದು ನೋಡಬೇಕು ಕಣೆ. ಯಾರ ಎಲೆಗೆ ಬಿದ್ದಿಲ್ಲ ಅಂತ ಒಲೆ ಮುಂದೆ ನಿಂತರೆ ಕಾಣೋದಿಲ್ಲ."

ಅವಳು ನಕ್ಕಳು. ಆದರೆ ಆ ವಾರವೇ ಹಳೆಯ ಆಫೀಸಿನ ಗೆಳತಿಯರಿಗೆ ಅಜ್ಜಿಯ ಪಾಸ್‌ಬುಕ್ಕಿನ ಕಥೆಯನ್ನು ಎರಡು ಪುಟದಲ್ಲಿ ಬರೆದು ಕಳಿಸಿದಳು. ಅಂದಿನಿಂದ ಅದೊಂದು ಅಭ್ಯಾಸವಾಗಿದೆ. ಅವರಲ್ಲಿ ಕೆಲವರು ಬಂದು ನಮ್ಮ ಜಗಲಿಯಲ್ಲಿ ಕೂತು, ಕೆಳಗಿನ ಮನೆಗಳ ಹೆಂಗಸರ ಜೊತೆ ಮಾತಾಡಿ, ಬರೆದುಕೊಂಡು ಹೋಗುತ್ತಾರೆ. ಹಾಗಾಗಿ ಅವಳು ವರದಿಯನ್ನು ಪೂರ್ತಿ ಬಿಟ್ಟಳೆಂದೂ ಹೇಳುವ ಹಾಗಿಲ್ಲ.

ಎಲ್ಲವೂ ಹೀಗೆ ಸುಖಾಂತವಾಯಿತೆಂದು ತಿಳಿಯಬೇಡಿ. 2023ರಲ್ಲಿ ಕೆಳಗಿನ ಮನೆಯೊಂದರ ಹುಡುಗಿ, ಹತ್ತನೆಯ ತರಗತಿ, ಹದಿನಾರೂ ತುಂಬಿರಲಿಲ್ಲ, ಅಜ್ಜಿಯ ಊರಿಗೆ ಹೋಗಿದ್ದಾಳೆಂದರು. ಹದಿನೈದು ದಿನ ಕಳೆದು ಕೊರಳಲ್ಲಿ ತಾಳಿಯೊಂದಿಗೆ ಬಂದಳು. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಮಾಡಬಾರದೆಂದು ಕಾನೂನಿದೆ, ದೂರು ಹೇಳಲು 1098 ಎಂಬ ಫೋನಿದೆ, ನಮ್ಮ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೊಂದು ಪುಟವೂ ಇತ್ತು. ಮೂರೂ ಇದ್ದು ಆ ಹುಡುಗಿಗೆ ಯಾವುದೂ ಒದಗಲಿಲ್ಲ. ನಾದಿನಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳನ್ನು ಮತ್ತೆ ಶಾಲೆಗೆ ಕಳಿಸಲು ಎಷ್ಟೋ ಹೇಳಿದೆವು, ಆಗಲಿಲ್ಲ. ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಎಂಟರಿಂದ ಹತ್ತನೇ ತರಗತಿಯ ಯಾವ ಹುಡುಗಿಯಾದರೂ ಮೂರು ದಿನ ಶಾಲೆಗೆ ಬಾರದಿದ್ದರೆ ನಮ್ಮಲ್ಲಿ ಒಬ್ಬರು ಆ ಮನೆಗೆ ಹೋಗಿ, "ಮಗು ಹುಷಾರಾಗಿದೆಯಾ?" ಎಂದು ಕೇಳಿ ಬರುತ್ತೇವೆ. ಅಷ್ಟೇ, ಕೇಳುವುದು. ಯಾರೋ ಕೇಳುತ್ತಾರೆ ಎಂಬುದು ಗೊತ್ತಿರುವ ಮನೆಯವರು ಒಂದಿಷ್ಟು ಯೋಚನೆ ಮಾಡುತ್ತಾರೆ.

ನೀವೂ ಇಂಥದೊಂದನ್ನು ಮೊದಲಿಡುವುದಾದರೆ, ಡಾಕ್ಟರೇಟು ಮಾಡಿದ ನಾದಿನಿಯೇ ಬೇಕೆಂದಿಲ್ಲ. ನಾವು ಕಲಿತ ನಾಲ್ಕು ಮಾತು ಹೇಳುತ್ತೇನೆ, ಕೇಳಿ. ಒಂದು, ಬೀದಿ ಚಿಕ್ಕದಿರಲಿ. ಇಡೀ ಊರನ್ನು ಉದ್ಧಾರ ಮಾಡಲು ಹೊರಟರೆ ಮೂರು ತಿಂಗಳಿಗೆ ಸುಸ್ತು. ಎರಡು, ಯಾವ ಕಚೇರಿಗೆ ಅರ್ಜಿ ಕೊಟ್ಟರೂ ರಸೀತಿ ಇಲ್ಲದೆ ಹೊರಗೆ ಬರಬೇಡಿ. ಸಕಾಲಕ್ಕೆ ಸೇರಿದ ಸೇವೆಯಾದರೆ ಹದಿನೈದು ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಇಷ್ಟು ದಿನದೊಳಗೆ ಕೆಲಸ ಆಗಬೇಕೆಂಬ ಲೆಕ್ಕ ಅದರಿಂದ ಸಿಗುತ್ತದೆ. ಮೂರು, ಹಣ ನಿಂತಿತೆಂದು ಯಾರಾದರೂ ಹೇಳಿದರೆ ಮೊದಲು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕುಗಳನ್ನೂ ಹೊರಗೆ ತೆಗೆಸಿ, ಆಧಾರ್ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ನಾಲ್ಕು, ಯಾರ ಹಣವನ್ನೂ ನಿಮ್ಮ ಕೈಯಲ್ಲಿ ಮುಟ್ಟಬೇಡಿ, ಯಾರಿಗೂ 'ಮಾಡಿಸಿಕೊಡುತ್ತೇನೆ' ಎಂದು ಮಾತು ಕೊಡಬೇಡಿ. 'ಜೊತೆಗೆ ಬರುತ್ತೇನೆ' ಎನ್ನಿ, ಸಾಕು.

ಮನೆಗೆಲಸ ಬಿಡಬೇಕಾಗಿಲ್ಲ. ನನ್ನ ಅಡಿಗೆ, ಹಪ್ಪಳ, ಸಂಡಿಗೆ ಒಂದೂ ನಿಂತಿಲ್ಲ. ಮಗಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪಕ್ಕದ ಊರಿನಲ್ಲಿ ಪಾಠ ಹೇಳುತ್ತಿದ್ದಾಳೆ. ಎಂಜಿನಿಯರಿಂಗಿನ ಮಾತು ಮನೆಯಲ್ಲಿ ಯಾರಾದರೂ ತೆಗೆದರೆ ನಮ್ಮವರು ಈಗಲೂ ಒಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಶನಿವಾರ ಸಂಜೆ ಜಮಖಾನೆಯನ್ನು ಸೈಕಲ್ಲಿಗೆ ಕಟ್ಟಿ ಶಾಲೆಗೆ ತಲುಪಿಸುವವರೂ ಅವರೇ.

ಷೋಕೇಸಿನಲ್ಲಿ ಆ ದಪ್ಪ ವರದಿಗಳು ಈಗಲೂ ಇವೆ. ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ. ಕೆಂಪು ರಟ್ಟಿನ ನೋಟ್‌ಬುಕ್ಕು ಮಾತ್ರ ಮೂರನೆಯದು ನಡೆಯುತ್ತಿದೆ, ಅದಕ್ಕೆ ಧೂಳು ಕೂರಲು ಇನ್ನೂ ಪುರಸೊತ್ತು ಸಿಕ್ಕಿಲ್ಲ.